ಗಂಟೆಯ ಲೆಕ್ಕದ ವಾದಕ

ಹೊಸ ಪುಸ್ತಕವೊಂದು ಕೈಗೆ ಬಂದಾಗ ಅದರ ಅರಿಕೆಯ ಕೊನೆಯ ಪಂಕ್ತಿಗಳನ್ನು ಮೊದಲು ಓದುವ ಅಭ್ಯಾಸ ನನಗಿದೆ. ಹಸ್ತಪ್ರತಿಯನ್ನು ಅಂದವಾಗಿ ನಕಲು ಮಾಡಿಕೊಟ್ಟ ಶಿಷ್ಯ, ಕರಡು ತಿದ್ದಿದ ಮಿತ್ರ, ಶಬ್ದಸೂಚಿಯನ್ನು ಸಿದ್ಧಪಡಿಸಿದ ಗ್ರಂಥಪಾಲಕ, ಇವರೆಲ್ಲ ಅಲ್ಲಿ ಸಣ್ಣ ಅಕ್ಷರಗಳಲ್ಲಿ ಒಮ್ಮೆ ತಲೆದೋರಿ ಮರೆಯಾಗುತ್ತಾರೆ. ಕೆಲವು ಗ್ರಂಥಗಳಲ್ಲಿ ಕರ್ತೃವಿಗಿಂತ ಕರಡು ತಿದ್ದಿದವನೇ ಹೆಚ್ಚು ದುಡಿದಿರುತ್ತಾನೆಂಬುದು ಅಧ್ಯಾಪಕ ವರ್ಗದವರಿಗೆ ಗುಟ್ಟೇನೂ ಅಲ್ಲ. ಈ ಅಭ್ಯಾಸದ ಫಲವೇ ಇರಬೇಕು, ಮಿತ್ರರೊಬ್ಬರ ಸಂಗ್ರಹದಲ್ಲಿದ್ದ ಇಂಗ್ಲೆಂಡಿನ ಹಳೆಯ ರಾಕ್ ರೆಕಾರ್ಡುಗಳನ್ನು ಕೇಳತೊಡಗಿದಾಗಲೂ ನನ್ನ ಕಣ್ಣು ಹೊದಿಕೆಯ ಮೇಲಿನ ಸಣ್ಣಕ್ಷರಗಳ ಕಡೆಗೇ ಹೋಯಿತು. ತಂಡಗಳು ಬೇರೆ, ಕಂಪನಿಗಳು ಬೇರೆ, ಒಬ್ಬರ ಶೈಲಿಗೂ ಇನ್ನೊಬ್ಬರ ಶೈಲಿಗೂ ಸಂಬಂಧವಿಲ್ಲ. ಆದರೆ 'ಪಿಯಾನೋ' ಎಂಬ ಮಾತಿನ ಮುಂದೆ ಮತ್ತೆ ಮತ್ತೆ ಒಂದೇ ಹೆಸರು: ನಿಕಿ ಹಾಪ್ಕಿನ್ಸ್. ಎಷ್ಟೋ ಕಡೆ ಆ ಹೆಸರೂ ಇಲ್ಲ. ಬೆರಳುಗಳು ಮಾತ್ರ ಕೇಳಿಸುತ್ತವೆ.

ರಾಕ್ ಸಂಗೀತವೆಂದೊಡನೆ ಕಿವಿ ಮುಚ್ಚಿಕೊಳ್ಳುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರೊಡನೆ ವಾದಕ್ಕಿಳಿಯುವುದು ನನ್ನ ಉದ್ದೇಶವಲ್ಲ. ನಾನು ಎತ್ತಬೇಕೆಂದಿರುವ ಪ್ರಶ್ನೆ ಸಾಹಿತ್ಯದ ವಿದ್ಯಾರ್ಥಿಗೂ ಪರಿಚಿತವಾದುದೇ: ಕೃತಿಯ ಕರ್ತೃ ಯಾರು? ಹತ್ತು ಜನ ಒಂದು ಕೋಣೆಯಲ್ಲಿ ಕುಳಿತು ಮಾಡಿದ ವಸ್ತುವಿನ ಮೇಲೆ ಇಬ್ಬರ ಹೆಸರು ಮಾತ್ರ ಉಳಿದರೆ, ಮಿಕ್ಕ ಎಂಟು ಜನರ ಸಂಬಂಧವನ್ನು ಯಾವ ಶಬ್ದದಿಂದ ಹೇಳಬೇಕು?

ಅಲ್ಲಿನ ವ್ಯವಸ್ಥೆಯನ್ನು ಎರಡು ಮಾತಿನಲ್ಲಿ ತಿಳಿಸಬೇಕು. ಅರುವತ್ತರ ದಶಕದ ಇಂಗ್ಲಿಷ್ ತಂಡಗಳಲ್ಲಿ ಸಾಮಾನ್ಯವಾಗಿ ನಾಲ್ಕೈದು ಜನ. ಗಿಟಾರು, ಡ್ರಮ್ಮು, ಹಾಡುವವನೊಬ್ಬ. ಪಿಯಾನೋ, ಆರ್ಗನ್, ಹಾರ್ಪ್ಸಿಕಾರ್ಡ್ ಮೊದಲಾದ ಮನೆಗಳುಳ್ಳ ವಾದ್ಯ ಬೇಕೆನಿಸಿದಾಗ ಹೊರಗಿನವನನ್ನು ಕರೆಸುತ್ತಿದ್ದರು. ಹಾಗೆ ಬಂದವನೇ 'ಸೆಷನ್' ವಾದಕ. ಮೂರು ಗಂಟೆಗೆ ಒಂದು ಸೆಷನ್. ಅದಕ್ಕೆ ವಾದಕರ ಸಂಘದವರು ಗೊತ್ತುಮಾಡಿದ ದರ. ಬಂದು ನುಡಿಸಿ, ಹಣ ಎಣಿಸಿಕೊಂಡು, ಸಹಿ ಹಾಕಿ ಹೊರಟರೆ ಆಯಿತು. ರೆಕಾರ್ಡು ಹತ್ತು ಸಾವಿರ ಮಾರಲಿ, ಕೋಟಿ ಮಾರಲಿ, ಅವನ ಪಾಲು ಅಂದಿಗೇ ಮುಗಿಯಿತು.

ಹಾಪ್ಕಿನ್ಸ್ ಹುಟ್ಟಿದ್ದು 1944ರ ಫೆಬ್ರವರಿ 24ರಂದು, ಲಂಡನ್ನಿನ ಪಶ್ಚಿಮದ ಅಂಚಿನಲ್ಲಿರುವ ಪೆರಿವೇಲ್ ಎಂಬಲ್ಲಿ. ಮೂರನೆಯ ವಯಸ್ಸಿನಲ್ಲೇ ಪಿಯಾನೋ ಮುಂದೆ ಕುಳಿತವನು. ಮುಂದೆ ವಿದ್ಯಾರ್ಥಿವೇತನ ಪಡೆದು ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಸೇರಿದನು. ಹದಿನಾರು ತುಂಬಿದಾಗ, 1960ರಲ್ಲಿ, ಅದನ್ನು ಬಿಟ್ಟು ಸ್ಕ್ರೀಮಿಂಗ್ ಲಾರ್ಡ್ ಸಚ್ ಎಂಬಾತನ ತಂಡಕ್ಕೆ ಹೋದನು. ಈತ ಹೆಸರಿಗೆ ಮಾತ್ರ ಲಾರ್ಡ್. ಶವಪೆಟ್ಟಿಗೆಯೊಳಗಿಂದೆದ್ದು ಪ್ರೇಕ್ಷಕರೆದುರಿಗೆ ಬರುವುದು ಇವನ ಆಟದ ಒಂದು ಅಂಗ. ಬಾಖ್‌ ಮತ್ತು ಮೊಟ್ಸಾರ್ಟರನ್ನು ಅಭ್ಯಾಸ ಮಾಡಿದ ಹುಡುಗ ಅಲ್ಲಿಗೆ ಹೋಗಬಹುದೆ ಎಂದು ಅಕಾಡೆಮಿಯ ಗುರುಗಳು ನೊಂದುಕೊಂಡಿದ್ದರೆ ಅವರನ್ನು ಆಕ್ಷೇಪಿಸುವಂತಿಲ್ಲ. ಆದರೆ ಆ ಶಿಕ್ಷಣ ಪೋಲಾಗಲಿಲ್ಲ. ಸ್ವರಲಿಪಿಯನ್ನು ಓದಬಲ್ಲವರು ವಿರಳವಾಗಿದ್ದ ಆ ಲೋಕದಲ್ಲಿ ಅವನ ಬೆಲೆ ಇದ್ದುದೇ ಅದರಿಂದ.

1962ರಲ್ಲಿ ಸಿರಿಲ್ ಡೇವಿಸನ ತಂಡಕ್ಕೆ ಸೇರಿದನು. ಮರುವರ್ಷ ಮೇ ತಿಂಗಳಲ್ಲಿ ಆಸ್ಪತ್ರೆಗೆ ಸೇರಬೇಕಾಯಿತು. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ವ್ಯಾಧಿ. ಒಂದರ ಮೇಲೊಂದು ಶಸ್ತ್ರಚಿಕಿತ್ಸೆ. ಹತ್ತೊಂಬತ್ತು ತಿಂಗಳ ಹಾಸಿಗೆವಾಸ. ಇಂಗ್ಲೆಂಡಿನ ಹೊಸ ಸಂಗೀತ ಜಗತ್ತನ್ನೇ ಮರುಳು ಮಾಡಿದ ತಿಂಗಳುಗಳು ಅವೇ. ಅವನ ಜೊತೆಯವರು ವಿಮಾನಗಳನ್ನೇರಿ ಅಮೆರಿಕೆಗೆ ಹಾರುತ್ತಿದ್ದಾಗ ಇವನು ಸಾವಿನ ಬಾಗಿಲನ್ನು ತಟ್ಟಿ ಹಿಂದಿರುಗುತ್ತಿದ್ದನು. ಎದ್ದು ಬಂದ ಮೇಲೆ ಊರೂರು ಸುತ್ತುವ ಶಕ್ತಿ ದೇಹದಲ್ಲಿ ಉಳಿದಿರಲಿಲ್ಲ; ಸಂಜೆ ಮನೆಗೆ ಹಿಂದಿರುಗಬಹುದಾದ ಕೆಲಸವೇ ಆಗಬೇಕಿತ್ತು. ಸ್ಟುಡಿಯೋದ ಪಿಯಾನೋ ಅವನ ಪಾಲಿಗೆ ಹೀಗೆ ಬಂತು. ಅವನು ಹಿನ್ನೆಲೆಯನ್ನು ಆರಿಸಿಕೊಂಡದ್ದು ವಿನಯದಿಂದ ಎಂದು ಹೊಗಳುವವರು ಈ ಹತ್ತೊಂಬತ್ತು ತಿಂಗಳುಗಳನ್ನು ಮರೆಯಬಾರದು. ವಿನಯವಂತನೇನೋ ಹೌದು, ಆದರೆ ಮೊದಲು ಅವನು ರೋಗಿ.

ಅಲ್ಲಿಂದ ಮುಂದಿನ ಎಂಟು ಹತ್ತು ವರ್ಷಗಳಲ್ಲಿ ಅವನು ಮಾಡಿದ ಕೆಲಸ ನಂಬಲಸಾಧ್ಯವೆನಿಸುತ್ತದೆ. ದಿ ಹೂ ತಂಡದ ಮೊದಲ ರೆಕಾರ್ಡಿನಲ್ಲಿ (1965) ಅವನಿದ್ದಾನೆ. ಕಿಂಕ್ಸ್ ತಂಡದ 1966ರ 'ಫೇಸ್ ಟು ಫೇಸ್'‌ನಲ್ಲಿ ಇದ್ದಾನೆ. ಆ ಕಿಂಕ್ಸ್ ತಂಡದ ರೇ ಡೇವಿಸ್ 'ಸೆಷನ್ ಮ್ಯಾನ್' ಎಂದೇ ಒಂದು ಹಾಡು ಕಟ್ಟಿದರು. ಕರೆದಲ್ಲಿಗೆ ಬಂದು, ಹೇಳಿದ್ದನ್ನು ನುಡಿಸಿ, ಹಣ ಪಡೆದು ಹೋಗುವವನ ಮೇಲೆ ತಿಳಿಯಾದ ವಿಡಂಬನೆ ಅದು. ಅದಕ್ಕೆ ಒಂದಿಷ್ಟು ಪ್ರೇರಣೆಯಾದವನು ಹಾಪ್ಕಿನ್ಸ್. ಅದರಲ್ಲಿ ಹಾರ್ಪ್ಸಿಕಾರ್ಡ್ ನುಡಿಸಿದವನೂ ಹಾಪ್ಕಿನ್ಸ್. ತನ್ನ ಮೇಲಿನ ಅಣಕವಾಡಿಗೆ ತಾನೇ ಪಕ್ಕವಾದ್ಯ ನುಡಿಸಿ, ಅದಕ್ಕೂ ಗಂಟೆಯ ದರವನ್ನೇ ಪಡೆದವನು ಇವನೊಬ್ಬನೇ ಇರಬೇಕು. ಡೇವ್ ಡೇವಿಸರ 'ಡೆತ್ ಆಫ್ ಎ ಕ್ಲೌನ್' (1967) ಎಂಬ ಹಾಡಿನ ಆರಂಭದಲ್ಲಿ ವಿಲಕ್ಷಣವಾದೊಂದು ನಾದ ಕೇಳುತ್ತದೆ: ಪಿಯಾನೋದ ಮನೆಗಳನ್ನು ಒತ್ತದೆ, ಒಳಗಿನ ತಂತಿಗಳನ್ನೇ ಮೀಟಿ ಎಬ್ಬಿಸಿದ ನಾದ. ಹೇಳಿದ್ದನ್ನು ಮಾತ್ರ ನುಡಿಸುವವನ ಕೈಯಿಂದ ಹುಟ್ಟುವ ಕಲ್ಪನೆಯೇ ಇದು?

ರೋಲಿಂಗ್ ಸ್ಟೋನ್ಸ್ ತಂಡದೊಡನೆ ಅವನ ಸಂಬಂಧ ದೀರ್ಘವಾದುದು. 1967ರಿಂದ ಹಲವು ವರ್ಷಗಳ ಕಾಲ ಅವರ ಮುಖ್ಯ ರೆಕಾರ್ಡುಗಳಲ್ಲೆಲ್ಲ ಅವನ ಕೈವಾಡವಿದೆ. 1971ರಿಂದ 1973ರವರೆಗೆ ದೇಹಸ್ಥಿತಿಯನ್ನು ಲೆಕ್ಕಿಸದೆ ಅವರೊಡನೆ ಪ್ರವಾಸವನ್ನೂ ಮಾಡಿದನು. ಇಲ್ಲಿ ಒಂದು ಹಾಡಿನ ಬಳಿ ಸ್ವಲ್ಪ ನಿಲ್ಲಬೇಕು. 1967ರ 'ಷೀ ಈಸ್ ಎ ರೇನ್‌ಬೋ' ಎಂಬ ಹಾಡನ್ನು ಒಮ್ಮೆ ಕೇಳಿದವರು ಮರುದಿನ ಏನನ್ನು ಗುನುಗುತ್ತಾರೆ? ಮಾತನ್ನಲ್ಲ; ಹಾಡುಗಾರ ಬಾಯಿ ತೆರೆಯುವ ಮೊದಲೇ ಮೇಲಿನ ಸ್ಥಾಯಿಯಲ್ಲಿ ಹನಿಹನಿಯಾಗಿ ಇಳಿದು ಬರುವ ಪಿಯಾನೋ ಸರಣಿಯನ್ನು. ಚರಣ ಮುಗಿದಾಗಲೆಲ್ಲ ಅದು ಹಿಂದಿರುಗುತ್ತದೆ. ಅದನ್ನು ತೆಗೆದುಹಾಕಿದರೆ ಉಳಿಯುವುದು ಸಾಧಾರಣವಾದೊಂದು ಪದ್ಯ. ಅಕಾಡೆಮಿಯಲ್ಲಿ ಕಲಿತ ವಿದ್ಯೆ ಸುಗಂಧದಂತೆ ಅಲ್ಲಿ ಸುಳಿಯುತ್ತದೆ. ಇದೇ ಕೈ 1968ರ 'ಸಿಂಪಥಿ ಫಾರ್ ದಿ ಡೆವಿಲ್'‌ನಲ್ಲಿ ಕೊಡಲಿಯಿಂದ ಕಡಿದಂತೆ ಲಯವನ್ನು ಕಡಿಯುತ್ತದೆ. ಅದೇ ವರ್ಷ ಬೀಟಲ್ಸ್ ತಂಡದ 'ರೆವೊಲ್ಯೂಷನ್' ಎಂಬ ಹಾಡಿನ ಅಬ್ಬರದ ಗಿಟಾರುಗಳ ನಡುವೆ ವಿದ್ಯುತ್ ಪಿಯಾನೋ ಒಂದು ನಕ್ಕು ಹಾರಿದಂತೆ ಹಾದು ಹೋಗುತ್ತದೆ, ಅದೂ ಇವನೇ. 1971ರಲ್ಲಿ ಜಾನ್ ಲೆನ್ನನ್ನನ 'ಜೆಲಸ್ ಗೈ'ಯಲ್ಲಿ, ತಪ್ಪೊಪ್ಪಿಕೊಳ್ಳುವವನ ಹೆಗಲ ಮೇಲೆ ಗೆಳೆಯ ಕೈಯಿಟ್ಟಂತೆ ಪಿಯಾನೋ ಮೆಲ್ಲನೆ ಪಕ್ಕದಲ್ಲಿ ನಡೆಯುತ್ತದೆ. ನಾಲ್ಕು ಹಾಡು, ನಾಲ್ಕು ಭಾವ. ಒಬ್ಬನೇ ನಟ ನಾಲ್ಕು ಪಾತ್ರಗಳನ್ನು ಗುರುತು ಸಿಗದಂತೆ ಅಭಿನಯಿಸಿದರೆ ನಾವು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇವೆ. ವಾದಕ ಹಾಗೆ ಮಾಡಿದರೆ 'ಸ್ವಂತ ಶೈಲಿ ಇಲ್ಲದವನು' ಎನ್ನುತ್ತೇವೆ.

ಹಾಡು ಹುಟ್ಟುವ ಬಗೆಯನ್ನು ಕಣ್ಣಾರೆ ಕಾಣಬೇಕೆಂದಿರುವವರು ಫ್ರೆಂಚ್ ನಿರ್ದೇಶಕ ಗೊದಾರ್‌ನ 'ಒನ್ ಪ್ಲಸ್ ಒನ್' ಚಿತ್ರವನ್ನು ನೋಡಬಹುದು. 1968ರ ಜೂನ್ ತಿಂಗಳಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ಮೇಲೆ ಹೇಳಿದ ಸೈತಾನನ ಹಾಡು ರೂಪುಗೊಳ್ಳುತ್ತಿದ್ದಾಗ ಗೊದಾರ್ ತನ್ನ ಕ್ಯಾಮರಾದೊಡನೆ ಅಲ್ಲಿದ್ದನು. ಮೊದಲು ಅದು ನಿಧಾನವಾದ, ಜಡವಾದ ಪದ. ಮತ್ತೆ ಮತ್ತೆ ನುಡಿಸುತ್ತ, ನಿಲ್ಲಿಸುತ್ತ, ವಾದ್ಯ ಬದಲಿಸುತ್ತ ಹೋದಂತೆ ಅದಕ್ಕೆ ಸಾಂಬಾ ನೃತ್ಯದ ಲಯ ಸೇರಿ ರಕ್ತ ಹರಿಯತೊಡಗುತ್ತದೆ. ಆ ಪರಿವರ್ತನೆ ಯಾವ ಗಳಿಗೆಯಲ್ಲಿ ಯಾರಿಂದ ಆಯಿತೆಂದು ಬೆರಳಿಟ್ಟು ತೋರಿಸುವುದು ಕಷ್ಟ, ಎಲ್ಲರಿಂದಲೂ ಆಯಿತು. ಆದರೆ ರೆಕಾರ್ಡಿನ ಮೇಲೆ ರಚಯಿತರೆಂದು ಅಚ್ಚಾದ ಹೆಸರುಗಳು ಜಾಗರ್ ಮತ್ತು ರಿಚರ್ಡ್ಸ್ ಎಂಬ ಎರಡೇ.

ಇದರಲ್ಲಿ ಮೋಸವೇನೂ ಇಲ್ಲ, ವ್ಯವಸ್ಥೆಯೇ ಹಾಗಿತ್ತು. ಹಾಡೆಂದರೆ ಮಾತು ಮತ್ತು ಆ ಮಾತಿನ ಧಾಟಿ, ಮಿಕ್ಕದ್ದೆಲ್ಲ ಅಲಂಕಾರ. ಇದು ಕಾಗದದ ಮೇಲೆ ಸಂಗೀತ ಬರೆಯುತ್ತಿದ್ದ ಕಾಲದ ಲಕ್ಷಣ. ಕಾಗದವಿಲ್ಲದೆ, ಕೋಣೆಯೊಳಗೆ, ಕೈಯಿಂದ ಕೈಗೆ ಹಾಡು ಬೆಳೆಯುವ ಕಾಲ ಬಂದರೂ ಲಕ್ಷಣಗ್ರಂಥ ಬದಲಾಗಲಿಲ್ಲ. ಲಕ್ಷ್ಯ ಮುಂದೆ ಹೋಗಿ ಲಕ್ಷಣ ಹಿಂದುಳಿಯುವುದು ನಮ್ಮ ಛಂದಶ್ಶಾಸ್ತ್ರದ ಪಾಠದಲ್ಲಿಯೂ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಂಗತಿ. ದಿ ಹೂ ತಂಡದ ಮೊದಲ ರೆಕಾರ್ಡಿನಲ್ಲಿ 'ದಿ ಆಕ್ಸ್' ಎಂಬ ಒಂದು ಕೃತಿಯಿದೆ. ಅದರ ರಚಯಿತರಲ್ಲಿ ಹಾಪ್ಕಿನ್ಸನ ಹೆಸರೂ ಇದೆ. ಕಾರಣವನ್ನು ಊಹಿಸಬಹುದು: ಅದರಲ್ಲಿ ಮಾತೇ ಇಲ್ಲ, ಬರಿಯ ವಾದ್ಯಗಳು. ಮಾತಿಲ್ಲದಿದ್ದರೆ ವಾದಕ ಕರ್ತೃ. ಅದೇ ವಾದಕ ಅದೇ ಉತ್ಸಾಹದಿಂದ ಮಾತಿನ ಹಿಂದೆ ನುಡಿಸಿದರೆ ಕೂಲಿಯವನು!

ಈ ಪ್ರಶ್ನೆ ಕಡೆಗೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು, ಆದರೆ ಹಾಪ್ಕಿನ್ಸನಿಂದಲ್ಲ. ಪ್ರೋಕೋಲ್ ಹಾರಂ ತಂಡದ 'ಎ ವೈಟರ್ ಷೇಡ್ ಆಫ್ ಪೇಲ್' (1967) ಲೋಕಪ್ರಸಿದ್ಧವಾದ ಹಾಡು. ಅದರ ಮುಖದಲ್ಲಿ ಹ್ಯಾಮಂಡ್ ಆರ್ಗನ್ನಿನ ಒಂದು ಗಂಭೀರ ಧಾಟಿ ಕೇಳುತ್ತದೆ; ಅದನ್ನು ರೂಪಿಸಿದವರು ತಂಡದ ಆರ್ಗನ್ ವಾದಕ ಮ್ಯಾಥ್ಯೂ ಫಿಷರ್. ಅವರು ಬಾಡಿಗೆಯ ವಾದಕರಲ್ಲ, ತಂಡದವರೇ, ಆದರೂ ಹೆಸರಿರಲಿಲ್ಲ. ಮೂವತ್ತೆಂಟು ವರ್ಷಗಳ ತರುವಾಯ, 2005ರಲ್ಲಿ, ಅವರು ದಾವೆ ಹೂಡಿದರು. 2006ರಲ್ಲಿ ನ್ಯಾಯಾಲಯ ಅವರನ್ನು ಸಹಕರ್ತೃವೆಂದು ಒಪ್ಪಿ, ಸಂಗೀತದ ಹಕ್ಕಿನಲ್ಲಿ ನೂರಕ್ಕೆ 40ರಷ್ಟು ಪಾಲು ಕೊಟ್ಟಿತು. 2008ರಲ್ಲಿ ಮೇಲ್ಮನವಿಯ ನ್ಯಾಯಾಲಯ, ಕರ್ತೃತ್ವ ಸರಿ, ಆದರೆ ಇಷ್ಟು ತಡಮಾಡಿದ ಮೇಲೆ ಹಣವಿಲ್ಲವೆಂದಿತು. 2009ರ ಜುಲೈನಲ್ಲಿ ಹೌಸ್ ಆಫ್ ಲಾರ್ಡ್ಸ್ ಮೊದಲಿನ ತೀರ್ಪನ್ನೇ ಒಮ್ಮತದಿಂದ ಎತ್ತಿಹಿಡಿಯಿತು. ಆದರೆ ಪಾಲು ದಾವೆ ಹೂಡಿದ ದಿನದಿಂದೀಚೆಗೆ ಮಾತ್ರ.

ಇದಕ್ಕೆ ಎದುರುವಾದಗಳಿಲ್ಲವೆಂದಲ್ಲ. ಗಂಟೆಯ ದರವನ್ನು ಒಪ್ಪಿ ಬಂದವನು ಅವನೇ. ರೆಕಾರ್ಡು ಮಾರಾಟವಾಗದೆ ನಷ್ಟವಾದರೆ ಅವನ ಹಣ ಹಿಂದಕ್ಕೆ ಕೇಳುವವರಾರು? ತಾಳ ಹಾಕಿದವನೂ ಚಪ್ಪಾಳೆ ತಟ್ಟಿದವನೂ ಪಾಲು ಕೇಳತೊಡಗಿದರೆ ಹಾಡು ಕಟ್ಟುವವನ ಗತಿಯೇನು? ಇವು ತಳ್ಳಿಹಾಕುವ ಮಾತುಗಳಲ್ಲ. ಆದರೆ ಮುಂದಿಟ್ಟ ಸ್ವರಲಿಪಿಯನ್ನು ತಪ್ಪಿಲ್ಲದೆ ನುಡಿಸಿದವನಿಗೂ, ಖಾಲಿ ಜಾಗ ತೋರಿಸಿ 'ಇಲ್ಲೇನಾದರೂ ಮಾಡಪ್ಪ' ಎಂದಾಗ ಹಾಡಿನ ಮುಖವನ್ನೇ ರಚಿಸಿಕೊಟ್ಟವನಿಗೂ ವ್ಯತ್ಯಾಸ ಕಾಣದಷ್ಟು ನಾವು ಕುರುಡರಲ್ಲ. ಗಂಟೆಯ ದರ ಕೊಳ್ಳುವುದು ಅವನ ಸಮಯವನ್ನು. ಕಲ್ಪನೆಯನ್ನೂ ಅದರೊಡನೆ ಕೊಸರಾಗಿ ಹಾಕಿಸಿಕೊಳ್ಳುವುದು ಸಂತೆಯ ವ್ಯವಹಾರವಾದೀತು, ಕಲೆಯದಲ್ಲ. ಅರ್ಧ ರಾಜ್ಯ ಕೇಳುವವರು ಯಾರೂ ಇಲ್ಲ. ಹೆಸರೊಂದು ಅಚ್ಚಾಗಲಿ, ವರುಷ ವರುಷ ಬರುವುದರಲ್ಲಿ ಚಿಕ್ಕದೊಂದು ಪಾಲು ಸಿಗಲಿ, ಅಷ್ಟೆ. ಹೆಸರು ಅಚ್ಚುಮಾಡುವುದಕ್ಕೆ ಎಷ್ಟು ಮಸಿ ಬೇಕು? 1969ರಲ್ಲಿ ಬೀಟಲ್ಸ್ ತಂಡದ 'ಗೆಟ್ ಬ್ಯಾಕ್' ಹೊರಬಂದಾಗ ಅದರಲ್ಲಿ ವಿದ್ಯುತ್ ಪಿಯಾನೋ ನುಡಿಸಿದ ಬಿಲಿ ಪ್ರೆಸ್ಟನ್ನನ ಹೆಸರನ್ನು ತಂಡದ ಹೆಸರಿನೊಡನೆಯೇ ರೆಕಾರ್ಡಿನ ಮೇಲೆ ಹಾಕಿದರು. ಅದರಿಂದ ಬೀಟಲ್ಸರ ಕೀರ್ತಿಗೆ ಕುಂದೇನೂ ಬಂದಂತೆ ಕಾಣೆ.

ಪಾಲಿನ ವಿಷಯದಲ್ಲಿಯೂ ದಾರಿಯಿದೆ. ಬ್ರಿಟನ್ನಿನಲ್ಲಿ 1996ರ ನಿಯಮಗಳಿಂದ, ರೆಕಾರ್ಡು ಆಕಾಶವಾಣಿಯಲ್ಲಿ ಪ್ರಸಾರವಾದಾಗ ಅದರಲ್ಲಿ ನುಡಿಸಿದವರಿಗೂ ನ್ಯಾಯವಾದ ಸಂಭಾವನೆ ಸಲ್ಲಬೇಕೆಂದಾಯಿತು. ರೆಕಾರ್ಡಿನ ಹಕ್ಕನ್ನು 50 ವರ್ಷಗಳಿಂದ 70ಕ್ಕೆ ಏರಿಸಿದಾಗ (ಅಲ್ಲಿ ಇದು ಜಾರಿಗೆ ಬಂದದ್ದು 2013ರ ನವೆಂಬರ್ 1ರಂದು) ಹೆಚ್ಚಿನ ಇಪ್ಪತ್ತು ವರ್ಷಗಳ ಆದಾಯದಲ್ಲಿ ನೂರಕ್ಕೆ 20ರಷ್ಟನ್ನು, ಒಂದೇ ಬಾರಿ ಕೂಲಿ ಪಡೆದು ಹೋದ ವಾದಕರಿಗಾಗಿ ತೆಗೆದಿಡಬೇಕೆಂದು ಕಂಪನಿಗಳಿಗೆ ವಿಧಿಸಿದರು. 1967ರ ಆ ಪಿಯಾನೋ ಸರಣಿಗೆ ಈ ಲೆಕ್ಕದಲ್ಲಿ ಪಾಲು ಹುಟ್ಟುವುದು ಐವತ್ತು ವರ್ಷ ಕಳೆದ ಮೇಲೆ. ನುಡಿಸಿದವನು ಆ ವೇಳೆಗೆ ತೀರಿಕೊಂಡು ಇಪ್ಪತ್ತು ವರ್ಷ ದಾಟಿತ್ತು.

ಇನ್ನೊಂದು ಮಾತನ್ನು ರಸಿಕರೇ ಹೇಳುತ್ತಾರೆ: ಅಷ್ಟು ಪ್ರತಿಭೆಯಿದ್ದವನು ತಾನೇ ನಾಯಕನಾಗಬಹುದಿತ್ತಲ್ಲ? ಪ್ರಯತ್ನಿಸದೆ ಇರಲಿಲ್ಲ. ಜೆಫ್ ಬೆಕ್‌ನ ತಂಡದಲ್ಲಿ ಕೆಲಕಾಲ ಇದ್ದನು. 1969ರಲ್ಲಿ ಜೆಫರ್ಸನ್ ಏರ್‌ಪ್ಲೇನ್ ತಂಡದೊಡನೆ ವುಡ್‌ಸ್ಟಾಕ್ ಉತ್ಸವದಲ್ಲಿ ನುಡಿಸಿದನು. ಕ್ಯಾಲಿಫೋರ್ನಿಯಾಕ್ಕೆ ಹೋಗಿ ಕ್ವಿಕ್‌ಸಿಲ್ವರ್ ಮೆಸೆಂಜರ್ ಸರ್ವಿಸ್ ತಂಡದ ಸದಸ್ಯನಾದನು. 1973ರಲ್ಲಿ 'ದಿ ಟಿನ್ ಮ್ಯಾನ್ ವಾಸ್ ಎ ಡ್ರೀಮರ್' ಎಂಬ ಸ್ವಂತ ರೆಕಾರ್ಡೂ ಹೊರಬಂತು. ಅದರಲ್ಲಿ ಗಿಟಾರು ನುಡಿಸಿದವರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ನನೂ ಒಬ್ಬ. ಆದರೆ ಅಚ್ಚಾದದ್ದು 'ಜಾರ್ಜ್ ಓಹಾರಾ' ಎಂಬ ಮರೆಹೆಸರು. ಒಬ್ಬನ ಹೆಸರು ಸಣ್ಣದೆಂದು ಬಿಟ್ಟುಹೋಗುತ್ತದೆ, ಇನ್ನೊಬ್ಬನದು ದೊಡ್ಡದೆಂದು ಮುಚ್ಚಿಡಬೇಕಾಗುತ್ತದೆ! ರೆಕಾರ್ಡನ್ನು ನಾನು ಹಲವು ಬಾರಿ ಕೇಳಿದ್ದೇನೆ. ಇಂಪಾಗಿದೆ, ಸಂಸ್ಕಾರವಿದೆ, ಆದರೆ ಹಾಡುವ ಕಂಠ ತೆಳುವು. ಅದಕ್ಕಿಂತ ಮುಖ್ಯವಾಗಿ, ಅವನ ಪ್ರತಿಭೆ ಉತ್ತರ ಕೊಡುವ ಪ್ರತಿಭೆ; ಎದುರಿಗೆ ಪ್ರಶ್ನೆ ಕೇಳುವವರು ಇಲ್ಲದಿದ್ದರೆ ಅದು ಮೌನಕ್ಕೆ ಜಾರುತ್ತದೆ. ಇದನ್ನು ನಾನು ನ್ಯೂನತೆಯೆನ್ನಲಾರೆ. ಮಲ್ಲಿನಾಥ ಕಾಳಿದಾಸನಾಗಲಿಲ್ಲವೆಂದು ಯಾರೂ ಮರುಗುವುದಿಲ್ಲ.

ನಮ್ಮ ಕಚೇರಿ ಪದ್ಧತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಯಕರ ಪಕ್ಕದಲ್ಲಿ ಕುಳಿತ ಪಿಟೀಲು ವಾದಕರು ಅವರನ್ನು ನೆರಳಿನಂತೆ ಅನುಸರಿಸಿ, ತಮ್ಮ ಸರದಿ ಬಂದಾಗ ರಾಗವನ್ನು ತಾವೂ ಬೆಳೆಸುತ್ತಾರೆ; ಮೃದಂಗಕ್ಕೆ ತನಿಯ ಅವಕಾಶವುಂಟು; ಆಹ್ವಾನಪತ್ರಿಕೆಯಲ್ಲಿ ಇವರೆಲ್ಲರ ಹೆಸರೂ ಉಂಟು. ಪಕ್ಕವಾದ್ಯದಿಂದಲೂ ಮೆರೆದ ಮೈಸೂರು ಚೌಡಯ್ಯನವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ನಿಂತಿದೆ. (ಹಿಂದೆ ಕುಳಿತು ತಂಬೂರಿ ಮೀಟುವವರ ಹೆಸರು ಮಾತ್ರ ಎಷ್ಟೋ ವೇಳೆ ನಮ್ಮ ಆಹ್ವಾನಪತ್ರಿಕೆಗಳಲ್ಲಿಯೂ ಇರುವುದಿಲ್ಲ, ಆದುದರಿಂದ ಹೆಚ್ಚು ಬೀಗುವಂತಿಲ್ಲ.)

ಇಂಥವರನ್ನು ಕುರಿತು 'ಫಲಾಪೇಕ್ಷೆಯಿಲ್ಲದ ಸೇವೆ' ಎಂದು ಹೊಗಳುವುದು ಸುಲಭ. ಹೊಗಳುವವರ ಹೆಸರು ಮಾತ್ರ ಸಾಮಾನ್ಯವಾಗಿ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ರೋಲಿಂಗ್ ಸ್ಟೋನ್ಸ್ ತಂಡವನ್ನು ಕಟ್ಟಿದವರಲ್ಲಿ ಇಯಾನ್ ಸ್ಟೀವರ್ಟ್ ಎಂಬ ಪಿಯಾನೋ ವಾದಕನೊಬ್ಬನಿದ್ದ. 1963ರಲ್ಲಿ ವ್ಯವಸ್ಥಾಪಕನು ಅವನನ್ನು ತಂಡದ ಪಟ್ಟಿಯಿಂದ ತೆಗೆದುಹಾಕಿದನು. ಅವನು ಬಿಟ್ಟುಹೋಗಲಿಲ್ಲ, ಸಾಮಾನು ಸಾಗಿಸುತ್ತ, ಬೇಕೆಂದಾಗ ಪಿಯಾನೋ ನುಡಿಸುತ್ತ 1985ರಲ್ಲಿ ಸಾಯುವವರೆಗೂ ಜೊತೆಗಿದ್ದ. ಮೈನರ್ ಸ್ವರಮೇಳಗಳೆಂದರೆ ಅವನಿಗೆ ಆಗದು, ಅಂಥ ಹಾಡು ಬಂದರೆ ಎದ್ದುಬಿಡುತ್ತಿದ್ದ. ಆ ಪೀಠಕ್ಕೆ ಬೇರೆಯವರು ಬೇಕಾಗುತ್ತಿದ್ದರು. ಸ್ಟೀವರ್ಟನ ನಿಷ್ಠೆ ನನ್ನನ್ನು ಬೆರಗುಗೊಳಿಸುತ್ತದೆ. ಅವನನ್ನು ಪಟ್ಟಿಯಿಂದ ತೆಗೆದದ್ದು ಆ ನಿಷ್ಠೆಯಿಂದ ಸರಿಯಾಗಿಬಿಡುವುದಿಲ್ಲ.

ಹಾಪ್ಕಿನ್ಸ್ 1994ರ ಸೆಪ್ಟೆಂಬರ್ 6ರಂದು ಅಮೆರಿಕದ ನ್ಯಾಷ್‌ವಿಲ್ ನಗರದಲ್ಲಿ ತೀರಿಕೊಂಡನು, ಐವತ್ತೇ ವರ್ಷ, ಕಾರಣ ಅದೇ ಕರುಳು. 2025ರ ನವೆಂಬರಿನಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವನನ್ನು ಸಂಗೀತ ಪ್ರಾವೀಣ್ಯಕ್ಕಾಗಿ ಗೌರವಿಸಿತು. ಅದೇ ವರ್ಷ ಅದೇ ಗೌರವಕ್ಕೆ ಆಯ್ಕೆಯಾದ ಇನ್ನೊಬ್ಬರು ಕ್ಯಾರಲ್ ಕೇ. ಲಾಸ್ ಏಂಜಲೀಸಿನ ಸ್ಟುಡಿಯೋಗಳಲ್ಲಿ ಬಾಸ್ ಗಿಟಾರು ನುಡಿಸಿದ ಹಿರಿಯ ಸೆಷನ್ ವಾದಕಿ. ತೊಂಬತ್ತು ವರ್ಷದ ಆ ಮಹಿಳೆ ಸಮಾರಂಭಕ್ಕೆ ಬರುವುದಿಲ್ಲವೆಂದರು. ತಾನೊಂದು ತಂಡದ ಭಾಗ ಮಾತ್ರ, ಸ್ಟುಡಿಯೋ ವಾದಕರು ಮಾಡಿದ ಕೆಲಸವನ್ನು ಈ ಗೌರವ ಬಿಂಬಿಸುವುದಿಲ್ಲ ಎಂಬುದು ಅವರ ಅಭಿಪ್ರಾಯದ ಸಾರ. ಹಾಪ್ಕಿನ್ಸ್ ಬದುಕಿದ್ದರೆ ಹೋಗುತ್ತಿದ್ದನೆಂದೇ ನನ್ನ ಎಣಿಕೆ. ಕರೆದಲ್ಲಿಗೆ ಹೋಗುವುದು ಅವನ ವೃತ್ತಿಯಾಗಿತ್ತು.

ಇದು ಕಡಲಾಚೆಯ ಸಂಗತಿಯೆಂದು ಪುಟ ಮಗುಚುವ ಮೊದಲು ನಮ್ಮ ಕಾನೂನಿನತ್ತ ಒಮ್ಮೆ ನೋಡಬೇಕು. ನಮ್ಮ ಹಳೆಯ ಕನ್ನಡ ಚಿತ್ರಗೀತೆಗಳಲ್ಲಿ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ಮುದ್ರಣಗೊಂಡವು. ಅವುಗಳ ಪಿಟೀಲು, ಕೊಳಲು, ಪಿಯಾನೋಗಳನ್ನು ನುಡಿಸಿದವರಲ್ಲಿ ಎಷ್ಟು ಮಂದಿಯ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಹೇಳಬಲ್ಲರು? ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯನ್ನು 2012ರಲ್ಲಿ ತಿದ್ದಿದಾಗ ಪ್ರದರ್ಶಕ ಕಲಾವಿದರಿಗೆ ಗೌರವಧನದ ಹಕ್ಕನ್ನೂ, ತಮ್ಮನ್ನು ಹೆಸರಿನಿಂದ ಗುರುತಿಸಬೇಕೆಂದು ಕೇಳುವ ಹಕ್ಕನ್ನೂ ಸೇರಿಸಿದರು. ಒಳ್ಳೆಯದೇ. ಆದರೆ ಅದೇ ತಿದ್ದುಪಡಿಯಲ್ಲಿ 'ಪ್ರದರ್ಶಕ' ಎಂಬ ಶಬ್ದದ ಅರ್ಥಕ್ಕೆ ಒಂದು ಬಾಲ ಅಂಟಿಕೊಂಡಿದೆ. ಚಲನಚಿತ್ರದಲ್ಲಿ ಯಾರ ಪ್ರದರ್ಶನ ಆಕಸ್ಮಿಕ ಅಥವಾ ಆನುಷಂಗಿಕವೋ, ಮತ್ತು ಉದ್ಯಮದ ರೂಢಿಯಂತೆ ಯಾರ ಹೆಸರನ್ನು ಎಲ್ಲಿಯೂ ಕಾಣಿಸುವುದಿಲ್ಲವೋ, ಅವರು ಪ್ರದರ್ಶಕರೇ ಅಲ್ಲ. ತಮ್ಮ ಕೆಲಸವನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕೊಂದು ಮಾತ್ರ ಅವರಿಗುಂಟು. ಪಿಟೀಲು ನುಡಿಸುವುದು ಆನುಷಂಗಿಕವೇ ಅಲ್ಲವೇ ಎಂದು ನಿರ್ಣಯಿಸುವವರು ಯಾರು? ಹೆಸರು ಹಾಕದಿರುವ ರೂಢಿ ಇರುವುದರಿಂದ ಅವನು ಪ್ರದರ್ಶಕನಲ್ಲ. ಪ್ರದರ್ಶಕನಲ್ಲವಾದುದರಿಂದ ಹೆಸರು ಹಾಕಿರೆಂದು ಕೇಳುವಂತಿಲ್ಲ. ತರ್ಕಶಾಸ್ತ್ರದ ಪಾಠದಲ್ಲಿ ಅನ್ಯೋನ್ಯಾಶ್ರಯ ದೋಷಕ್ಕೆ ಉದಾಹರಣೆ ಹುಡುಕುವ ಅಧ್ಯಾಪಕರು ಈ ಉಪವಾಕ್ಯವನ್ನು ಬಳಸಿಕೊಳ್ಳಬಹುದು. ಸಂಸತ್ತಿನವರು ಅದನ್ನು ತೆಗೆದುಹಾಕುವವರೆಗೆ ಅದು ಕೈಗೆ ಸಿಗುತ್ತದೆ.